ದಡದಲ್ಲಿ ಫ್ಲಶ್ ಮಾಡುವಾಗ ಔಟ್‌ಬೋರ್ಡ್ ಇಂಜಿನ್ ಬಿಸಿಯಾಗುತ್ತಿದೆಯೇ?

ಪ್ರಶ್ನೆ: ನಮ್ಮ ನಾಡದೋಣಿಗೆ 15 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಕಟ್ಟುವ ಇಂಜಿನ್) ಇದೆ. ಹೊಳೆಯಲ್ಲಿ ಓಡುವಾಗ ಇಂಜಿನ್ನಿನ ಹಿಂದಿನ ತೂತಿನಿಂದ ತಂಪು ಮಾಡುವ ನೀರು ಜೋರಾಗಿ ಚಿಮ್ಮುತ್ತದೆ. ಮನೆಗೆ ತಂದು ಫ್ಲಶ್ ಮಾಡಲು, ಅಂದರೆ ಒಳಗಿನ ಉಪ್ಪನ್ನು ಸಿಹಿನೀರಿನಿಂದ ತೊಳೆಯಲು, ಗೇರ್‌ಕೇಸಿಗೆ (ಪ್ರೊಪೆಲ್ಲರ್ ಇರುವ ಕೆಳಭಾಗ) ಮಫ್ (ಪೈಪಿನ ನೀರನ್ನು ನೀರೆಳೆಯುವ ತೂತಿಗೆ ಕೊಡುವ ರಬ್ಬರ್ ಬಟ್ಟಲು) ಸಿಕ್ಕಿಸಿ, ಟ್ಯಾಂಕಿನ ನೀರು ಬಿಟ್ಟು ಚಾಲೂ ಮಾಡಿದರೆ ಎರಡು ನಿಮಿಷಕ್ಕೆ ಧಾರೆ ಸಣ್ಣಗಾಗಿ ನಿಂತೇ ಹೋಗುತ್ತದೆ. ನೀರಿನ ಪಂಪಿಗೆ ಹೊಸ ಇಂಪೆಲ್ಲರ್ (ರಬ್ಬರ್ ಎಸಳುಗಳ ಚಕ್ರ) ಹಾಕಿಸಿ ಆರು ತಿಂಗಳಾಗಿಲ್ಲ. ಮತ್ತೆ ಬದಲಿಸಬೇಕೇ?
— ಗಂಗೊಳ್ಳಿಯ ಓದುಗರು

ಉತ್ತರ: ಈಗಲೇ ಬದಲಿಸಬೇಡಿ. ಹೊಳೆಯಲ್ಲಿ ಧಾರೆ ಚೆನ್ನಾಗಿದೆ ಎಂದರೆ ಪಂಪಿನ ಮೇಲೆ ಅನುಮಾನ ಪಡಲು ಸದ್ಯಕ್ಕೆ ಕಾರಣವಿಲ್ಲ. ನೀರಿನ ಪಂಪ್ ಇರುವುದು ಗೇರ್‌ಕೇಸಿನ ಮೇಲ್ಭಾಗದಲ್ಲಿ. ದೋಣಿ ನೀರಿನಲ್ಲಿದ್ದಾಗ ಆ ಪಂಪ್ ಮುಳುಗಿರುತ್ತದೆ, ನೀರು ತಾನಾಗಿಯೇ ಅದರೊಳಗೆ ತುಂಬಿಕೊಂಡಿರುತ್ತದೆ. ದಡದಲ್ಲಿ ಪಂಪಿಗೆ ಸಿಗುವುದು ಮಫ್ ತಂದುಕೊಟ್ಟಷ್ಟೇ ನೀರು. ಮಫ್ ಅಂಚಿನಿಂದ ಗಾಳಿ ನುಸುಳಿದರೂ ರಬ್ಬರ್ ಎಸಳುಗಳು ನೀರಿನ ಬದಲು ಗಾಳಿಯನ್ನೇ ತಿರುವುತ್ತವೆ.

ಮೊದಲು ಇಂಜಿನ್ ಮುಟ್ಟದೆ ನೀರನ್ನು ಅಳೆಯಿರಿ. ಮಫ್ ಬಿಚ್ಚಿ, ಅದೇ ಪೈಪನ್ನು 10 ಲೀಟರ್ ಬಕೆಟ್ಟಿಗೆ ಹಿಡಿಯಿರಿ. ಬಕೆಟ್ ತುಂಬಲು ಒಂದು ನಿಮಿಷಕ್ಕಿಂತ ಹೆಚ್ಚು ಬೇಕಾದರೆ ಆ ನೀರು ಸಾಲದು. ನಮ್ಮ ಕಡೆ ಬಹುಪಾಲು ತೊಂದರೆ ಇಲ್ಲೇ ಇರುತ್ತದೆ. ಒಂದಂತಸ್ತಿನ ಮನೆಯ ಮೇಲಿನ ಟ್ಯಾಂಕ್ ಅಂದರೆ ಹೆಚ್ಚೆಂದರೆ 4 ಮೀಟರ್ ಎತ್ತರ, ಅಂದರೆ 0.4 ಬಾರ್ ಒತ್ತಡ. ಅದಕ್ಕೆ ಅರ್ಧ ಇಂಚಿನ ಪೈಪು, ಅದೂ ಇಪ್ಪತ್ತು ಮೀಟರ್ ಉದ್ದ ಹಾಕಿದರೆ ತುದಿಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಇಂಜಿನ್ ಓಡುವಾಗ ತೆಳು ಪೈಪು ಚಪ್ಪಟೆಯಾಗುತ್ತಿದೆಯೇ ನೋಡಿ. ಆಗುತ್ತಿದ್ದರೆ ಪಂಪ್ ಎಳೆಯುತ್ತಿದೆ, ನೀರು ಬರುತ್ತಿಲ್ಲ ಎಂದೇ ಅರ್ಥ. ಮುಕ್ಕಾಲು ಇಂಚಿನ ದಪ್ಪ ಪೈಪು ಹಾಕಿ, ಉದ್ದ ಕಡಿಮೆ ಮಾಡಿ, ಇಲ್ಲವೇ ಬಾವಿಯ ಮೋಟಾರಿನಿಂದ ನೇರವಾಗಿ ನೀರು ಬಿಡಿ.

ನೀರು ಸಾಕಷ್ಟಿದ್ದರೆ ಮುಂದೆ ಮಫ್ ನೋಡಿ. ಅದರ ರಬ್ಬರ್ ಬಟ್ಟಲು ಒಣಗಿ ಗಟ್ಟಿಯಾದರೆ ಅಂಚು ಕೂರುವುದಿಲ್ಲ. ಗೇರ್‌ಕೇಸಿಗೆ ಅಂಟಿದ ಚಿಪ್ಪು, ಬಣ್ಣದ ಹೊಪ್ಪಳೆ ಕೂಡ ಸಂದು ಬಿಡುತ್ತವೆ. ನೀರೆಳೆಯುವ ಜಾಲರಿ ಪೂರ್ತಿಯಾಗಿ ಬಟ್ಟಲಿನೊಳಗೆ ಬರಬೇಕು. ಇಂಜಿನ್ ನಡುಗುವಾಗ ಮಫ್ ಜಾರದಂತೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ. ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆಯ ಅಡಿಯಲ್ಲೂ ನೀರೆಳೆಯುವ ತೂತಿದ್ದರೆ ಅಲ್ಲಿಂದಲೂ ಗಾಳಿ ಹೋಗುತ್ತದೆ. ಅದನ್ನು ಟೇಪಿನಿಂದ ಮುಚ್ಚಿ, ಕೆಲಸ ಮುಗಿದ ತಕ್ಷಣ ಮರೆಯದೆ ತೆಗೆಯಿರಿ. ಕೆಲವು ಸಣ್ಣ ಇಂಜಿನ್‌ಗಳಲ್ಲಿ ನೀರೆಳೆಯುವ ತೂತು ಇರುವುದೇ ಅಲ್ಲಿ ಮಾತ್ರ. ಅಂಥವಕ್ಕೆ ಮಫ್ ಹೊಂದುವುದಿಲ್ಲ, ಡ್ರಮ್ಮೇ ಗತಿ.

ನಿಜ ಹೇಳಬೇಕೆಂದರೆ ನಾಡದೋಣಿಯವರಿಗೆ ಮಫ್‌ಗಿಂತ ಡ್ರಮ್ ಮೇಲು. 200 ಲೀಟರ್ ಡ್ರಮ್ಮಿನ ಬಾಯಿ ಕತ್ತರಿಸಿ ಪಕ್ಕದಲ್ಲಿಟ್ಟು, ಇಂಜಿನ್ನನ್ನು ಗಟ್ಟಿಯಾದ ಸ್ಟ್ಯಾಂಡಿಗೆ ಬಿಗಿದು ಇಂಜಿನ್ನಿನ ಕಾಲನ್ನು (ಕೆಳಭಾಗವನ್ನು) ಡ್ರಮ್ಮಿನೊಳಗಿಳಿಸಿ. ನೀರು ಅಡ್ಡ ತಟ್ಟೆಗಿಂತ ಕನಿಷ್ಠ 15 ಸೆಂ.ಮೀ. ಮೇಲಿರಬೇಕು. ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಗುತ್ತದೆ: ಡ್ರಮ್ಮಿನಲ್ಲಿ ಧಾರೆ ಜೋರಾಗಿದ್ದರೆ ತಪ್ಪು ಮಫ್ ಅಥವಾ ಪೈಪಿನದು. ಅಲ್ಲೂ ಸಣ್ಣಗಿದ್ದರೆ ಆಗ ಇಂಜಿನ್ ಬಿಚ್ಚುವ ಮಾತು. ಹೊಗೆ ಬೆರೆತು ಡ್ರಮ್ಮಿನ ನೀರು ಬೇಗ ಕಾಯುವುದರಿಂದ ಪೈಪಿನಿಂದ ಹೊಸ ನೀರು ಬೀಳುತ್ತಲೇ ಇರಲಿ.

ಮಫ್ ಆಗಲಿ ಡ್ರಮ್ ಆಗಲಿ, ಕೆಲಸ ಬಯಲಿನಲ್ಲಾಗಲಿ. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಜೀವಕ್ಕೇ ಕುತ್ತು. ಪ್ರೊಪೆಲ್ಲರ್ ಬಿಚ್ಚಿಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಆಕ್ಸಿಲರೇಟರ್ ಏರಿಸಬೇಡಿ. ಮೊದಲು ನೀರು, ಆಮೇಲೆ ಇಂಜಿನ್. ನಿಲ್ಲಿಸುವಾಗ ಮೊದಲು ಇಂಜಿನ್, ಆಮೇಲೆ ನೀರು. ಇಂಪೆಲ್ಲರಿಗೆ ಎಣ್ಣೆಯ ಕೆಲಸ ಮಾಡುವುದು ನೀರೇ. ಪಂಪಿನೊಳಗಿನ ಒಣಗಿದ ಸ್ಟೀಲ್ ಬಟ್ಟಲಿನಲ್ಲಿ ಅರ್ಧ ನಿಮಿಷ ತಿರುಗಿದರೂ ಎಸಳಿನ ತುದಿ ಸುಡಲು ಸಾಕು. ಆದ್ದರಿಂದ ಧಾರೆ ನಿಂತ ಕ್ಷಣವೇ ಇಂಜಿನ್ ಬಂದ್ ಮಾಡಿ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಸೊಟ್ಟಗಾದೀತು. ಸೀಮೆಎಣ್ಣೆ ಇಂಜಿನ್ ಆಗಿದ್ದರೆ ಫ್ಲಶ್ ಪೆಟ್ರೋಲಿನಲ್ಲೇ ನಡೆಯಲಿ. ನಿಧಾನ ವೇಗದಲ್ಲಿ ಸೀಮೆಎಣ್ಣೆ ಸರಿಯಾಗಿ ಉರಿಯದೆ ಪ್ಲಗ್ ಕರಿ ಹಿಡಿಯುತ್ತದೆ.

ಇಷ್ಟು ದಿನ ಮಫ್‌ನಲ್ಲಿ ಒಣಗಿ ಓಡಿದ್ದರಿಂದ ಆರು ತಿಂಗಳ ಇಂಪೆಲ್ಲರಿಗೂ ಪೆಟ್ಟು ಬಿದ್ದಿರಬಹುದು. ಡ್ರಮ್ಮಿನಲ್ಲೂ ಧಾರೆ ಸಣ್ಣಗಿದ್ದರೆ ಮೊದಲು ಹಿಂದಿನ ತೂತಿಗೆ ಬಲೆಯ ನೈಲಾನ್ ದಾರ ತೂರಿಸಿ. ಕಣಜದ ಮಣ್ಣು, ಉಪ್ಪು ಕಟ್ಟಿದ್ದರೆ ಬಿಡುತ್ತದೆ. ಆಗಲೂ ಬಾರದಿದ್ದರೆ ಗೇರ್‌ಕೇಸ್ ಇಳಿಸಿ. ಎಸಳು ಒಂದೇ ಕಡೆ ಬಾಗಿ ನೆಟ್ಟಗಾಗದಿದ್ದರೆ, ತುದಿ ಹೊಳಪೇರಿದ್ದರೆ, ಬುಡದಲ್ಲಿ ಬಿರುಕಿದ್ದರೆ ಬದಲಿಸಿ. ಎಸಳು ತುಂಡಾಗಿದ್ದರೆ ಆ ಚೂರನ್ನು ಹುಡುಕಿ ತೆಗೆಯಲೇಬೇಕು, ಅದು ಮೇಲಿನ ನೀರಿನ ಕೊಳವೆಯಲ್ಲೋ ಥರ್ಮೋಸ್ಟಾಟ್ (ಇಂಜಿನ್ ಕಾದಾಗ ತೆರೆದು ನೀರು ಬಿಡುವ ಕವಾಟ) ಬಳಿಯೋ ಸಿಕ್ಕಿಕೊಂಡಿರುತ್ತದೆ. ಸ್ಟೀಲ್ ಬಟ್ಟಲು, ಅಡಿ ತಟ್ಟೆಗಳಲ್ಲಿ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಅವೂ ಹೊಸವೇ ಆಗಲಿ. ಜೋಡಿಸುವಾಗ ಇಂಪೆಲ್ಲರಿಗೆ ಪಾತ್ರೆ ಸೋಪಿನ ನೀರು ಹಚ್ಚಿ, ಅರ್ಧಚಂದ್ರಾಕಾರದ ಕೀ ಜಾಗದಲ್ಲಿ ಕೂತಿದೆಯೇ ನೋಡಿ, ಶಾಫ್ಟನ್ನು ಗಡಿಯಾರದ ದಿಕ್ಕಿಗೆ ತಿರುಗಿಸುತ್ತ ಮುಚ್ಚಳ ಇಳಿಸಿ. ಗೇರ್‌ಕೇಸ್ ಏರಿಸುವಾಗ ನೀರಿನ ಕೊಳವೆ ತನ್ನ ರಬ್ಬರ್ ಬುಶ್‌ನೊಳಗೇ ಹೋಗಬೇಕು. ಹೊಸ ಇಂಪೆಲ್ಲರ್ ಹಾಕಿಸಿದ ಮರುದಿನವೇ ನೀರು ಬಾರದಿರುವುದಕ್ಕೆ ಹಲವು ಬಾರಿ ಕಾರಣ ಈ ಕೊಳವೆ ತಪ್ಪಿರುವುದೇ.

ಪ್ರಶ್ನೆ: ನಮ್ಮದು 40 ಎಚ್‌ಪಿ ಫೋರ್-ಸ್ಟ್ರೋಕ್. ಧಾರೆ ಜೋರಾಗಿಯೇ ಇದೆ, ಆದರೂ ಬಿಸಿಯ ಅಲಾರಂ ಕೂಗುತ್ತದೆ. ಇಂಜಿನ್ನಿಗೇ ಪೈಪು ಸಿಕ್ಕಿಸುವ ಜಾಗವಿದೆ, ಅಲ್ಲಿಂದ ನೀರು ಬಿಟ್ಟು ಓಡಿಸಬಹುದೇ?
— ಕಾರವಾರದ ಓದುಗರು

ಉತ್ತರ: ಅನೇಕ ಇಂಜಿನ್‌ಗಳಲ್ಲಿ ಧಾರೆಯ ಕವಲು ಥರ್ಮೋಸ್ಟಾಟ್‌ಗಿಂತ ಮೊದಲೇ ಒಡೆಯುತ್ತದೆ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದರೂ ಧಾರೆ ಚೆಂದವಾಗಿಯೇ ಕಾಣುತ್ತದೆ. ಅದನ್ನು ಬಿಚ್ಚಿ, ದಾರ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ತೂಗಿಬಿಟ್ಟು ಥರ್ಮಾಮೀಟರ್ ಜೊತೆ ಕಾಯಿಸಿ. ಮೇಲೆ ಅಚ್ಚೊತ್ತಿದ ಉಷ್ಣತೆಯ ಹತ್ತಿರ, ಸಾಮಾನ್ಯವಾಗಿ 50ರಿಂದ 60 ಡಿಗ್ರಿಯೊಳಗೆ, ಬಾಯಿ ಬಿಡತೊಡಗಬೇಕು. ಉಪ್ಪು ಮಾತ್ರ ಕಟ್ಟಿದ್ದರೆ ವಿನೆಗರ್‌ನಲ್ಲಿ ನೆನೆಸಿ ತೊಳೆಯಿರಿ. ಆಮೇಲೂ ತೆರೆಯದಿದ್ದರೆ ಹೊಸದು ಹಾಕಿ. ಥರ್ಮೋಸ್ಟಾಟ್ ತೆಗೆದು ಹಾಗೇ ಓಡಿಸುವ ರೂಢಿ ಬೇಡ, ಇಂಜಿನ್ ತಣ್ಣಗೇ ಓಡಿ ಇಂಧನ ಸರಿಯಾಗಿ ಉರಿಯುವುದಿಲ್ಲ.

ಪೈಪು ಸಿಕ್ಕಿಸುವ ಆ ಜಾಗದ ನೀರು ಕೆಳಗಿನ ಪಂಪಿಗೆ ತಲುಪುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ನಿಮ್ಮ ಇಂಜಿನ್ನಿನ ಕೈಪಿಡಿ ಸ್ಪಷ್ಟವಾಗಿ ಒಪ್ಪದ ಹೊರತು, ಅಲ್ಲಿಂದ ತೊಳೆಯುವಾಗ ಇಂಜಿನ್ ಬಂದ್ ಇರಲಿ. ಮಫ್ ಅಥವಾ ಡ್ರಮ್ಮಿನಲ್ಲಿ ತೊಳೆಯುವುದಾದರೆ ಹತ್ತು-ಹದಿನೈದು ನಿಮಿಷ ಓಡಿಸಿ. ಇಂಜಿನ್ ಕಾದು ಥರ್ಮೋಸ್ಟಾಟ್ ತೆರೆದ ಮೇಲಷ್ಟೇ ಒಳಗಿನ ದಾರಿಗಳಿಗೆಲ್ಲ ಸಿಹಿನೀರು ಮುಟ್ಟುತ್ತದೆ. ಬೇಸಿಗೆಯಲ್ಲಿ ಕಡಲಂಚಿನ ಬಾವಿ ಉಪ್ಪಾಗಿದ್ದರೆ ಆ ನೀರಿನಿಂದ ತೊಳೆದು ಪ್ರಯೋಜನವಿಲ್ಲ, ನಾಲಿಗೆಗೆ ಹಚ್ಚಿ ನೋಡಿಯೇ ಬಳಸಿ.