ಅತ್ತೆಯವರನ್ನು ಮತ್ತೆ ನಡೆಸುವುದು ಹೇಗೆ?: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳನ್ನು ಓದುವಾಗ ಒಂದು ವಿಷಯ ಗಮನಕ್ಕೆ ಬಂತು. ಬರೆದವರಲ್ಲಿ ಹಲವರು ತಮ್ಮ ಆರೋಗ್ಯದ ಬಗ್ಗೆ ಕೇಳಿಲ್ಲ. ಮನೆಯ ಹಿರಿಯರನ್ನೋ ಮಕ್ಕಳನ್ನೋ ಕುಳಿತಲ್ಲಿಂದ ಎಬ್ಬಿಸುವುದು ಹೇಗೆಂದು ಕೇಳಿದ್ದಾರೆ. ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 31 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು, ಈಗ ಮೈಸೂರಿನಲ್ಲಿ ನೆಲೆಸಿರುವ ನಾನು ಕಂಡಂತೆ, ಬುದ್ಧಿಮಾತು ಕೇಳಿ ಮೈ ಬಗ್ಗಿಸಿದವರು ಬಹಳ ಕಡಿಮೆ. ಹೋಗಲು ಒಂದು ಕಾರಣ, ಜೊತೆಗೆ ಒಬ್ಬ ಮನುಷ್ಯ, ಇವೆರಡು ಸಿಕ್ಕವರು ಮಾತ್ರ ಎದ್ದು ಹೊರಟಿದ್ದಾರೆ. ಕೆಳಗಿನ ಉತ್ತರಗಳನ್ನು ಆ ನಂಬಿಕೆಯಿಂದಲೇ ಬರೆದಿದ್ದೇನೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 72 ವರ್ಷ. ದಿನವೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಬರುತ್ತಿದ್ದವರು, ಎರಡು ವರ್ಷದ ಹಿಂದೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದ ಮೇಲೆ ಗೇಟು ದಾಟುವುದನ್ನೇ ಬಿಟ್ಟಿದ್ದಾರೆ. ಮೂಳೆ ಮುರಿದಿರಲಿಲ್ಲ. ಕರೆದರೆ, "ಮಂಡಿ ನೋಯುತ್ತೆ, ನನ್ನ ಪಾಡಿಗೆ ನನ್ನ ಬಿಟ್ಟುಬಿಡಮ್ಮ" ಎನ್ನುತ್ತಾರೆ. ನಮ್ಮ ಯಜಮಾನರು ಹೆಜ್ಜೆ ಎಣಿಸುವ ಕೈಗಡಿಯಾರ ತಂದುಕೊಟ್ಟು, ದಿನಕ್ಕೆ ಹತ್ತು ಸಾವಿರ ಆಗಬೇಕು ಎಂದರು; ಅದು ಬೀರುವಿನಲ್ಲಿದೆ. ಒತ್ತಾಯಿಸುವುದು ಸರಿಯೇ?
ಒಬ್ಬ ಸೊಸೆ, ಸರಸ್ವತಿಪುರಂ, ಮೈಸೂರು

ಉತ್ತರ: ನಿಮ್ಮ ಅತ್ತೆಯವರನ್ನು ತಡೆದಿರುವುದು ಮಂಡಿಗಿಂತ ಹೆಚ್ಚಾಗಿ ಮತ್ತೆ ಬಿದ್ದೇನೆಂಬ ಹೆದರಿಕೆ ಎಂದು ನನಗೆ ತೋರುತ್ತದೆ. ಆ ಹೆದರಿಕೆಯನ್ನು ಸೋಮಾರಿತನವೆಂದು ಎಣಿಸಬೇಡಿ, ಅದಕ್ಕೆ ಆಧಾರವಿದೆ. ಆದರೆ ಬೀಳುವ ಭಯದಿಂದ ಕುಳಿತೇ ಇದ್ದರೆ ತೊಡೆಯ ಸ್ನಾಯುಗಳು ತಿಂಗಳುಗಳಲ್ಲೇ ಸೊರಗುತ್ತವೆ, ತೊಡೆ ಸೊರಗಿದರೆ ಮಂಡಿಯ ಮೇಲೆ ಬೀಳುವ ಭಾರ ಹೆಚ್ಚಿ ನೋವೂ ಹೆಚ್ಚುತ್ತದೆ, ಕಾಲು ತಡವರಿಸಿದಾಗ ಮೈಯನ್ನು ಸಾವರಿಸಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಹೀಗೆ, ಬೀಳಬಾರದೆಂದು ಕುಳಿತವರಿಗೇ ಬೀಳುವ ಅಪಾಯ ಹೆಚ್ಚು. ಇದನ್ನು ಅವರಿಗೆ ಒಮ್ಮೆ ಮೆಲ್ಲಗೆ ಹೇಳಿ ಸಾಕು, ದಿನವೂ ಹೇಳಬೇಡಿ.

ಮೊದಲು ಭಯದ ಮೂಲವನ್ನು ಸರಿಪಡಿಸಿ. ಬಚ್ಚಲುಮನೆಯಲ್ಲಿ ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸಿ, ಜಾರದ ಮ್ಯಾಟ್ ಹಾಸಿ, ರಾತ್ರಿ ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ದೀಪ ಉರಿಯಲಿ. ಕಣ್ಣಿನ ಪರೀಕ್ಷೆ ಮಾಡಿಸಿ. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿದ್ದರೆ, ಎದ್ದು ನಿಂತಾಗ ತಲೆ ಸುತ್ತುತ್ತದೆಯೇ ಎಂದು ಕೇಳಿ, ಸುತ್ತುವುದಾದರೆ ವೈದ್ಯರಿಗೆ ತಿಳಿಸಿ. ಈ ಕೆಲಸಗಳಾಗದೆ ಅವರನ್ನು ನಡೆಯಿರಿ ಎಂದು ಕರೆಯುವುದು ನ್ಯಾಯವಲ್ಲ.

ಆಮೇಲೆ ಕೆರೆಯ ಮಾತನ್ನು ಸದ್ಯಕ್ಕೆ ಎತ್ತದೆ, ಅಡುಗೆಮನೆಯಿಂದ ಶುರುಮಾಡಿ. ಮಂಡಿಯ ಎತ್ತರಕ್ಕಿಂತ ಸ್ವಲ್ಪ ಎತ್ತರವಿರುವ, ಅಲುಗಾಡದ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿ ಅಡುಗೆಕಟ್ಟೆಯ ಪಕ್ಕದಲ್ಲಿಡಿ. ಅತ್ತೆಯವರು ಕುರ್ಚಿಯ ಅಂಚಿಗೆ ಬಂದು, ಪಾದಗಳನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡು, ಮುಂದಕ್ಕೆ ಬಾಗಿ ಏಳಲಿ; ಕೂರುವಾಗ ದೊಪ್ಪೆಂದು ಕೂರದೆ, ಮೂರು ಎಣಿಸುವಷ್ಟು ಹೊತ್ತು ತೆಗೆದುಕೊಂಡು ಇಳಿಯಲಿ. ತೊಡೆಗೆ ಕೆಲಸ ಸಿಗುವುದು ಆ ನಿಧಾನವಾದ ಇಳಿತದಲ್ಲೇ. ಮೊದಲ ವಾರ ಐದು ಸಲ ಸಾಕು, ಬೇಕೆನಿಸಿದರೆ ಕಟ್ಟೆಯನ್ನು ಹಿಡಿದುಕೊಳ್ಳಲಿ. ನಂತರ ಕಟ್ಟೆ ಹಿಡಿದೇ ಹಿಮ್ಮಡಿಗಳನ್ನು ಎತ್ತಿ ಇಳಿಸುವುದು, ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು ಹತ್ತು ಎಣಿಸುವವರೆಗೆ ನಿಲ್ಲುವುದು, ಇಷ್ಟನ್ನು ಸೇರಿಸಿ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಶಕ್ತಿಯನ್ನು ಬೆಳೆಸುವ ಇಂಥ ಚಟುವಟಿಕೆ ಮಾಡಬೇಕೆಂದಿದೆ. ಅದು ಹಿರಿಯರು ಬೀಳುವುದನ್ನು ತಡೆಯುವ ಉದ್ದೇಶದಿಂದ ಹೇಳಿದ ಮಾತು. ಅವರು ಮಾಡುವಾಗ ನೀವೂ ಪಕ್ಕದಲ್ಲಿ ನಿಂತು ಮಾಡಿ. ಕುಕ್ಕರ್ ಕೂಗುವಷ್ಟರಲ್ಲಿ ಮುಗಿಯುತ್ತದೆ.

ಕೈಗಡಿಯಾರ ಬೀರುವಿನಲ್ಲೇ ಇರಲಿ. ಹತ್ತು ಸಾವಿರದ ಲೆಕ್ಕ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ನಡೆದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನಕ್ಕೆ 'ಮಾನ್ಪೊ ಕೆಯ್', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟರು. ಅಂಕಿ ಅಲ್ಲಿಂದ ಊರೂರಿಗೆ ಹರಡಿತು. ಅಮೆರಿಕದಲ್ಲಿ ಸುಮಾರು 17 ಸಾವಿರ ವಯಸ್ಸಾದ ಮಹಿಳೆಯರ ಹೆಜ್ಜೆಗಳನ್ನು ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರ ಸರಾಸರಿ ವಯಸ್ಸು ನಿಮ್ಮ ಅತ್ತೆಯವರದೇ, 72. ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು, ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯವಾಗಿರುವವರು ಸಹಜವಾಗಿಯೇ ಹೆಚ್ಚು ನಡೆಯುತ್ತಾರಾದ್ದರಿಂದ ಇದನ್ನು ಕಾರಣದ ಪೂರ್ಣ ರುಜುವಾತು ಎನ್ನಲಾಗದು. ಆದರೂ ಮನೆಯೊಳಗೆ ಸಾವಿರ ಹೆಜ್ಜೆ ಓಡಾಡುವವರು ಎರಡು ಸಾವಿರಕ್ಕೆ ಬಂದರೆ ಅದು ದೊಡ್ಡ ಗಳಿಕೆಯೆಂದು ನಿಮ್ಮ ಯಜಮಾನರಿಗೆ ತಿಳಿಸಿ.

ಒತ್ತಾಯ ಬೇಡ, ಕೋರಿಕೆ ಇರಲಿ. "ವಾಕಿಂಗ್‌ಗೆ ಬನ್ನಿ" ಎಂಬ ಮಾತಿನಲ್ಲಿ ಅವರು ರೋಗಿ, ನೀವು ದಾದಿ. "ಎಳೆ ಬದನೆಕಾಯಿ ಆರಿಸುವುದು ನನಗೆ ಗೊತ್ತಾಗುವುದಿಲ್ಲ, ಬೀದಿ ಕೊನೆಯ ಗಾಡಿಯವರೆಗೆ ಬನ್ನಿ ಅತ್ತೆ" ಎಂದರೆ ಅವರು ಮನೆಯ ಹಿರಿಯರು. ನನ್ನ ತಾಯಿಯವರು ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಹೊರಗೆ ಹೋಗುವುದನ್ನು ಬಿಟ್ಟಾಗ, ನಾನು ಶಿಕ್ಷಕನ ದನಿಯಲ್ಲಿ ಹೇಳಿದ್ದೆಲ್ಲ ವ್ಯರ್ಥವಾಯಿತು. ಎದುರುಮನೆಯಾಕೆ ಪೂಜೆಗೆ ದಾಸವಾಳ ಕಿತ್ತುಕೊಂಡು ಹೋಗಿರಿ ಎಂದು ಕರೆದದ್ದೇ ಅವರನ್ನು ಗೇಟು ದಾಟಿಸಿತು. ಕುಕ್ಕರಹಳ್ಳಿಯ ಏರಿ ಎಲ್ಲಿಗೂ ಹೋಗುವುದಿಲ್ಲ, ಅವರೇ ಒಂದು ದಿನ ಕೇಳಲಿ.

ಪ್ರಶ್ನೆ: ನನಗೆ 48 ವರ್ಷ. ಗದ್ದೆ, ಹಸು, ಮನೆಗೆಲಸ ಎಲ್ಲ ನನ್ನದೇ. ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರು ಮಾತ್ರೆ ಕೊಟ್ಟು, ದಿನಾ ನಡೆಯಬೇಕು ಎಂದರು. ಇಷ್ಟು ಗೇಯುವವರಿಗೂ ವ್ಯಾಯಾಮ ಬೇಕೇ? ಊರಲ್ಲಿ ಹೆಂಗಸು ಸುಮ್ಮನೆ ನಡೆದಾಡಿದರೆ, ಇವಳಿಗೆ ಕೆಲಸ ಇಲ್ಲವೇ ಎಂದು ಕೇಳುತ್ತಾರೆ.
ಒಬ್ಬ ರೈತ ಮಹಿಳೆ, ಪಾಂಡವಪುರ ತಾಲ್ಲೂಕು

ಉತ್ತರ: ತಾಯಿ, ನೀವು ಗೇಯುವುದು ಖಂಡಿತವಾಗಿಯೂ ಲೆಕ್ಕಕ್ಕೆ ಬರುತ್ತದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಧ್ಯಮ ಶ್ರಮದಲ್ಲಿ ಹೊಲದ ಕೆಲಸ, ಮನೆಗೆಲಸ, ನಡಿಗೆ ಎಲ್ಲವೂ ಸೇರಿವೆ. ನಾಟಿಯ ದಿನಗಳಲ್ಲಿ, ಕಳೆ ಕೀಳುವ ದಿನಗಳಲ್ಲಿ ನೀವು ಆ ಲೆಕ್ಕವನ್ನು ಎರಡೇ ದಿನದಲ್ಲಿ ದಾಟುತ್ತೀರಿ.

ಆದರೆ ವರ್ಷವಿಡೀ ಹಾಗಿದೆಯೇ ಎಂದು ಎಣಿಸಿ ನೋಡಿ. ಉಳುಮೆಗೆ ಟ್ರ್ಯಾಕ್ಟರು ಬಂದಿದೆ, ಕೊಯ್ಲಿಗೆ ಯಂತ್ರ ಬಂದಿದೆ, ಕಬ್ಬು ಆಳೆತ್ತರ ಬೆಳೆದ ಮೇಲೆ ದಿನವೂ ಒಳಗಿಳಿಯುವ ಕೆಲಸವಿಲ್ಲ. ಸಕ್ಕರೆ ಕಾಯಿಲೆಗೆ ಬೇಕಾದದ್ದು ಒಂದು ವಾರ ಮೈಮುರಿದು ದುಡಿದು ಮೂರು ವಾರ ಬಿಡುವುದಲ್ಲ, ದಿನದಿನವೂ ಇಷ್ಟಿಷ್ಟು. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ; ಅದರ ಫಲ ಒಂದೆರಡು ದಿನ ಉಳಿದು ಆಮೇಲೆ ಇಳಿಯುತ್ತದೆ. ಅದಕ್ಕಾಗಿಯೇ ಸತತವಾಗಿ ಎರಡು ದಿನ ಬಿಡಬೇಡಿ ಎನ್ನುವುದು. ಮುದ್ದೆ ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ, ಊಟದ ನಂತರ ಏರುವ ಸಕ್ಕರೆ ಅಷ್ಟು ಏರುವುದಿಲ್ಲ.

ಜನರ ಮಾತಿಗೆ ಒಂದು ದಾರಿಯಿದೆ. ಬೆಳಿಗ್ಗೆ ಮತ್ತು ಸಂಜೆ ಡೇರಿಗೆ ಹಾಲು ಹಾಕಲು ನಿಮ್ಮ ಮನೆಯಿಂದ ಯಾರು ಹೋಗುತ್ತಾರೆ? ಮಗ ಬೈಕಿನಲ್ಲಿ ಹೋಗುತ್ತಿದ್ದರೆ ಕ್ಯಾನನ್ನು ನೀವು ತೆಗೆದುಕೊಳ್ಳಿ, ಹೋಗುವಾಗ ಒಂದು ಕೈ, ಬರುವಾಗ ಇನ್ನೊಂದು ಕೈ. ಬರುವಾಗ ನೇರ ಮನೆಗೆ ಬರದೆ ನಾಲೆಯ ಏರಿಯ ಮೇಲಿಂದ ಸುತ್ತಿಕೊಂಡು ಬನ್ನಿ. ಕೈಯಲ್ಲಿ ಕ್ಯಾನಿರುವ ಹೆಂಗಸನ್ನು ಯಾರೂ ಪ್ರಶ್ನಿಸುವುದಿಲ್ಲ. ಜೊತೆಗೆ ಅಕ್ಕಪಕ್ಕದ ಇಬ್ಬರು ಮೂವರು ಸೇರಿಕೊಂಡರೆ, ಸ್ವಲ್ಪ ದಿನದಲ್ಲಿ ಕ್ಯಾನೂ ಬೇಕಾಗುವುದಿಲ್ಲ.

ಎರಡು ಎಚ್ಚರಿಕೆಗಳನ್ನು ಮರೆಯಬೇಡಿ. ಕೆಲವು ಮಾತ್ರೆಗಳಿಂದ ಸಕ್ಕರೆ ಮಿತಿಮೀರಿ ಇಳಿಯಬಹುದು. ಕೈ ನಡುಗಿ, ಬೆವತು, ಕಣ್ಣು ಕತ್ತಲೆ ಬಂದಂತಾದರೆ ಕುಳಿತು, ಸೆರಗಿನಲ್ಲಿ ಕಟ್ಟಿಕೊಂಡ ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳಿ, ಆಮೇಲೆ ವೈದ್ಯರಿಗೆ ಹೇಳಿ. ಬದುವಿನ ಮೇಲೆ ಬರಿಗಾಲಿನಲ್ಲಿ ಓಡಾಡುವುದನ್ನು ಇಂದೇ ಬಿಡಿ. ಮಲಗುವ ಮುಂಚೆ ಅಂಗಾಲು, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗದೆ ಹೋಗಬಹುದು.

ಪ್ರಶ್ನೆ: ಮಗನಿಗೆ 13 ವರ್ಷ. ಶಾಲೆ, ಟ್ಯೂಷನ್ ಮುಗಿಸಿ ಬಂದರೆ ಮೊಬೈಲು. ಆಟವಾಡಲು ಹೋಗು ಎಂದು ಗದರಿದರೂ ಹೋಗುವುದಿಲ್ಲ.
ಒಬ್ಬ ತಂದೆ, ಮಂಡ್ಯ

ಉತ್ತರ: ಹೋಗು ಎನ್ನುತ್ತೀರಿ, ಎಲ್ಲಿಗೆ, ಯಾರ ಜೊತೆಗೆ ಎಂದು ಹೇಳಿದ್ದೀರಾ? ಟ್ಯೂಷನ್ ಮುಗಿಸಿ ಬರುವ ಹೊತ್ತಿಗೆ ಬೀದಿಯಲ್ಲಿ ಮಕ್ಕಳೇ ಇರುವುದಿಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕು, ಮೂಳೆ ಗಟ್ಟಿಯಾಗುವ ವಯಸ್ಸೂ ಇದೇ. ಆದರೆ ಮೂಳೆಗಾಗಿ ಆಡಿದ ಒಬ್ಬ ಹುಡುಗನನ್ನೂ ನಾನು ನೋಡಿಲ್ಲ. ಆಡುವುದು ಗೆಳೆಯನಿಗಾಗಿ. ಆದ್ದರಿಂದ ಅವನ ಇಬ್ಬರು ಗೆಳೆಯರ ತಂದೆತಾಯಿಯರೊಂದಿಗೆ ಮಾತನಾಡಿ, ವಾರದಲ್ಲಿ ಮೂರು ಸಂಜೆಯಾದರೂ ಟ್ಯೂಷನ್ನಿನ ಮುಂಚೆ ಮುಕ್ಕಾಲು ಗಂಟೆ ಬಿಡುವು ಮಾಡಿಸಿ. ಭಾನುವಾರ ನೀವೇ ಮೈದಾನಕ್ಕೆ ಬನ್ನಿ. ಏಳು ಚಪ್ಪಟೆ ಕಲ್ಲು, ಒಂದು ರಬ್ಬರ್ ಚೆಂಡು ಇದ್ದರೆ ಲಗೋರಿಗೆ ಇನ್ನೇನೂ ಬೇಡ. ಅದರಲ್ಲಿ ಓಟ, ಬಾಗುವುದು, ಗುರಿ, ತಪ್ಪಿಸಿಕೊಳ್ಳುವುದು ಎಲ್ಲವೂ ಇವೆ, ಸೋತವನಿಗೂ ಮರುಕ್ಷಣವೇ ಆಟವಿದೆ.

ಒಂದು ಮಾತನ್ನು ನೊಂದುಕೊಂಡೇ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ತಡವಾಗಿ ಬಂದ ಮಕ್ಕಳಿಗೆ ಮೈದಾನ ಸುತ್ತುವ, ಬಸ್ಕಿ ಹೊಡೆಯುವ ಶಿಕ್ಷೆ ಕೊಡುತ್ತಿದ್ದೆ. ಓಡುವುದೆಂದರೆ ದಂಡನೆ ಎಂದು ಆ ಮಕ್ಕಳಿಗೆ ಕಲಿಸಿದವನು ನಾನೇ ಎಂದು ಅರಿವಾಗಲು ವರ್ಷಗಳು ಬೇಕಾದವು. ತಂಡ ಆರಿಸುವಾಗ ಯಾವಾಗಲೂ ಕೊನೆಗೆ ಉಳಿಯುತ್ತಿದ್ದ ಹುಡುಗನೊಬ್ಬನಿಗೆ ಮುಂದೊಮ್ಮೆ ಖೋ ಖೋ ಅಂಕಣಕ್ಕೆ ಸುಣ್ಣದ ಗೆರೆ ಹಾಕುವ, ಕಂಬ ನೆಡುವ ಹೊಣೆ ವಹಿಸಿದೆ. ಮೂರು ತಿಂಗಳಲ್ಲಿ ಅವನು ಅಂಕಣದ ಒಳಗೆ ಕುಳಿತು ಖೋ ಪಡೆಯುತ್ತಿದ್ದ. ನಿಮ್ಮ ಮಗ ಮೊಬೈಲಿನ ಹಿಂದೆ ಅವಿತಿರುವುದು, ಎಲ್ಲೋ ಒಂದು ಕಡೆ ಕೊನೆಗೆ ಉಳಿದಿದ್ದರಿಂದಲೂ ಇರಬಹುದು. ಗದರದೆ ಕೇಳಿ ನೋಡಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ, 19 ವರ್ಷ. ತೂಕ ಎತ್ತುವ ವ್ಯಾಯಾಮ ಕಲಿಯುವ ಆಸೆ. ಹುಡುಗಿಯರಿಗೆ ಅದು ಸಲ್ಲದೆಂದು ಅಮ್ಮ ಹೇಳುತ್ತಾರೆ.
ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸಲ್ಲುತ್ತದೆ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂಬ ಸಲಹೆ ಗಂಡಿಗೂ ಹೆಣ್ಣಿಗೂ ಒಂದೇ. ಈಗ ಗಟ್ಟಿಮಾಡಿಕೊಂಡ ಮೂಳೆ, ಮುಟ್ಟು ನಿಂತ ಮೇಲೆ ಮೂಳೆ ಸವೆಯುವ ಕಾಲಕ್ಕೆ ನಿಮ್ಮನ್ನು ಕಾಯುತ್ತದೆ. ನಮ್ಮ ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳೂ ಕಣಕ್ಕಿಳಿಯುತ್ತಾರೆ. ಈ ಬಾರಿ ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿ. ಕಲಿಸುವವರು ಬಲ್ಲವರಾಗಿರಲಿ, ಮೊದಲ ತಿಂಗಳು ಭಾರಕ್ಕಿಂತ ಭಂಗಿಗೆ ಗಮನ ಕೊಡಿ.

ಪ್ರಶ್ನೆ: ನಾನು ಬಸ್ ಚಾಲಕ, 41 ವರ್ಷ. ದಿನವಿಡೀ ಕುಳಿತೇ ಕೆಲಸ, ಹೊಟ್ಟೆ ಬಂದಿದೆ. ರಜೆಯ ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೆ ಸಾಕೇ?
ಓದುಗರು, ಮೈಸೂರು

ಉತ್ತರ: ನಿಮ್ಮ ವೃತ್ತಿಯವರಿಂದಲೇ ಜಗತ್ತು ಈ ವಿಷಯ ಕಲಿತದ್ದು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ಜೆರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ ನಿರ್ವಾಹಕರಿಗಿಂತ ಕುಳಿತೇ ಇರುತ್ತಿದ್ದ ಚಾಲಕರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡುಬಂತು. ಆದ್ದರಿಂದ ವಾರಕ್ಕೊಂದು ಬೆಟ್ಟಕ್ಕಿಂತ, ಪ್ರತಿ ಟ್ರಿಪ್ಪಿನ ಕೊನೆಯಲ್ಲಿ ಸೀಟಿನಿಂದಿಳಿದು ಐದು ನಿಮಿಷ ಚುರುಕಾಗಿ ನಡೆಯುವುದನ್ನು ಮೊದಲು ರೂಢಿಸಿಕೊಳ್ಳಿ.

ಬೆಟ್ಟವೂ ಇರಲಿ, ಆದರೆ ಬುಡದಿಂದ ಬೇಡ. ದೊಡ್ಡ ದೇವರಾಜ ಒಡೆಯರ ಕಾಲದ ಆ ಸಾವಿರ ಮೆಟ್ಟಿಲುಗಳಲ್ಲಿ ಸುಮಾರು ಏಳುನೂರು ನಂದಿಗಿಂತ ಕೆಳಗಿವೆ. ಒಮ್ಮೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು, ನಂದಿಯವರೆಗೆ ಗಾಡಿಯಲ್ಲಿ ಹೋಗಿ, ಉಳಿದ ಮುನ್ನೂರನ್ನು ಜೊತೆಗಾರನೊಂದಿಗೆ ಮಾತನಾಡಿಕೊಂಡು ಹತ್ತಿ. ಮಾತು ತುಂಡಾಗುವಷ್ಟು ಏದುಸಿರು ಬಂದರೆ ನಿಲ್ಲಿ. ಎದೆ ಹಿಡಿದಂತಾದರೆ, ನೋವು ದವಡೆಗೋ ಎಡಗೈಗೋ ಹರಿದರೆ, ಅಲ್ಲೇ ಕುಳಿತು ಜೊತೆಗಾರನಿಂದ ಆಂಬುಲೆನ್ಸಿಗೆ ಕರೆ ಮಾಡಿಸಿ. ಇಳಿಯುವಾಗ ಮಂಡಿಗೆ ಹತ್ತುವಾಗಿನದಕ್ಕಿಂತ ಹೆಚ್ಚು ಪೆಟ್ಟು, ಹಾಗಾಗಿ ಆರಂಭದ ವಾರಗಳಲ್ಲಿ ಮೇಲಿನಿಂದ ಸಿಟಿ ಬಸ್ಸಿನಲ್ಲೇ ಇಳಿದು ಬನ್ನಿ. ಆ ಮುನ್ನೂರನ್ನು ಮಾತು ನಿಲ್ಲಿಸದೆ ಹತ್ತುವಂತಾದ ವಾರ, ನಂದಿಯಿಂದ ಐವತ್ತು ಮೆಟ್ಟಿಲು ಕೆಳಗಿಳಿದು ಅಲ್ಲಿಂದ ಶುರುಮಾಡಿ.