ಸಬ್ಸಿಡಿ ಎಲ್ಲಿ ಹೊಗೆಯಾಗುತ್ತದೆ ಅಂತ ತೋರಿಸಿ

ನಮಸ್ಕಾರ,

'ಪ್ರವಾಸಕ್ಕೆ ಪ್ರೋತ್ಸಾಹ, ಗಾಳಿಗೆ ವಿಷ' ಎಂಬ ನಿಮ್ಮ ಲೇಖನ ಪೂರ್ತಿ ಓದಿದೆ. ಸರ್ಕಾರಗಳು ದುಡ್ಡು ಕೊಟ್ಟು ಜನರನ್ನು ದೇಶದೊಳಗೆ ಪ್ರವಾಸ ಮಾಡಿಸುತ್ತವೆ, ಅದರಿಂದ ಗಾಳಿ ಕೆಡುತ್ತದೆ ಎನ್ನುವುದು ನಿಮ್ಮ ವಾದ. ಈ ಬಗ್ಗೆ ಬರೆಯುವವರು ಕಡಿಮೆ. ಹಾಗಾಗಿ ನಿಮ್ಮ ಲೇಖನ ಕಂಡು ನಿಜಕ್ಕೂ ಖುಷಿಯಾಯಿತು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಶುರುವಿನಲ್ಲೇ ಎರಡು ಸಮಸ್ಯೆಗಳು ಕಲಸಿಹೋಗಿವೆ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಪ್ರವಾಸೋದ್ಯಮದ ಪಾಲು ಸುಮಾರು ಶೇ. 8 ಅಂತ ಬರೆದು, ಮುಂದಿನ ಸಾಲಿಗೇ ಮಕ್ಕಳ ಉಬ್ಬಸಕ್ಕೆ ಬಂದಿದ್ದೀರಿ. ಆ ಶೇ. 8 ಹವಾಮಾನ ಬದಲಾವಣೆಯ ಲೆಕ್ಕ. ಹೊರಗಿನ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್‌ನಿಂದ ಯಾರಿಗೂ ಉಬ್ಬಸ ಬರುವುದಿಲ್ಲ. ಎದೆಗೆ ಕೂರುವುದು ಪಿಎಂ 2.5 ಎಂಬ ಅತಿ ಸಣ್ಣ ಕಣಗಳು, ನೈಟ್ರೋಜನ್ ಡೈಆಕ್ಸೈಡ್, ಓಝೋನ್. ಕಾರ್ಬನ್ ಡೈಆಕ್ಸೈಡ್ ಎಲ್ಲಿ ಬಿಟ್ಟರೂ ಒಂದೇ. ನೈಟ್ರೋಜನ್ ಡೈಆಕ್ಸೈಡ್ ಹಾಗಲ್ಲ. ಅದು ಕೆಲವು ಗಂಟೆ ಮಾತ್ರ ಉಳಿಯುತ್ತದೆ, ರಸ್ತೆ ಪಕ್ಕದಲ್ಲೇ ಜಾಸ್ತಿ. ಯಾವ ಊರು, ಯಾವ ರಸ್ತೆ, ಯಾವ ಹೊತ್ತು ಅನ್ನೋದನ್ನು ಹೇಳದೆ ಗಾಳಿಯ ಬಗ್ಗೆ ಬರೆಯಲು ಆಗುವುದಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಮೊದಲ ಪ್ಯಾರಾ ಮುಗಿಯುವ ಹೊತ್ತಿಗೆ ಸರ್ಕಾರವೇ ಮಾಯವಾಗಿದೆ. ಆಮೇಲೆ ಬರೀ ಪ್ರವಾಸಿಗರಿಗೆ ಬೈಗುಳ. ನೆರವಿನಲ್ಲೂ ನಾನಾ ಬಗೆ ಇದೆ, ಅಲ್ವಾ? ಹೋಟೆಲ್ ಬಿಲ್ಲಿನಲ್ಲಿ ರಿಯಾಯಿತಿ, ಟೋಲ್ ಮಾಫಿ, ಅಗ್ಗದ ರೈಲು ಟಿಕೆಟ್, ರಸ್ತೆ ಅಗಲೀಕರಣ. ಒಂದೊಂದರ ಹೊಗೆಯೂ ಬೇರೆ ಬೇರೆ.

ಚೀನಾವನ್ನು ನೋಡಿ. 2012ರ ರಾಷ್ಟ್ರೀಯ ದಿನದ ರಜೆಗೆ ಅಲ್ಲಿ ಸಣ್ಣ ಕಾರುಗಳಿಗೆ ಹೆದ್ದಾರಿ ಟೋಲ್ ಮಾಫಿ ಮಾಡಿದರು. ಎಂಟು ದಿನದ ರಜೆ, ದೇಶವೆಲ್ಲ ಒಟ್ಟಿಗೇ ರಸ್ತೆಗಿಳಿಯಿತು. ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿದಾಗ, ಈ ಮಾಫಿಯಿಂದ ನಗರಗಳಲ್ಲಿ ಮಾಲಿನ್ಯ ಸುಮಾರು ಶೇ. 20 ಏರಿತ್ತು, ಕಣ್ಣಿಗೆ ಕಾಣುವ ದೂರ ಸುಮಾರು ಒಂದು ಕಿಲೋಮೀಟರ್ ಇಳಿದಿತ್ತು. ಒಂದು ಆದೇಶ, ಒಂದು ವಾರ, ಅದರ ಪರಿಣಾಮ. ನಿಮ್ಮ ಲೇಖನಕ್ಕೆ ಬೇಕಿರುವುದು ಇಂಥದ್ದು. ಜಪಾನ್ 2020ರಲ್ಲಿ ಬೇರೆ ದಾರಿ ಹಿಡಿಯಿತು. ಪ್ರವಾಸದ ಖರ್ಚಿನಲ್ಲಿ ಅರ್ಧದಷ್ಟನ್ನು ರಿಯಾಯಿತಿ ಮತ್ತು ಕೂಪನ್ ರೂಪದಲ್ಲಿ ಕೊಟ್ಟಿತು. ಕಾರಲ್ಲಿ ಬಂದವರಿಗೂ ರೈಲಲ್ಲಿ ಬಂದವರಿಗೂ ರೂಮಿನ ರಿಯಾಯಿತಿ ಒಂದೇ. ಗಾಳಿಯ ಲೆಕ್ಕದಲ್ಲಿ ಅದು ಎಷ್ಟು ದೊಡ್ಡ ಕೊರತೆ ಅಂತ ನೀವು ವಿಚಾರಿಸಬೇಕಿತ್ತು.

ಇದಕ್ಕೆ ಎದುರು ಉದಾಹರಣೆಯನ್ನೂ ಓದುಗರ ಮುಂದಿಡಬೇಕು. ಜರ್ಮನಿ 2022ರ ಜೂನ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೆ 9 ಯೂರೋಗೆ ಸ್ಥಳೀಯ ಬಸ್ಸು, ಪ್ರಾದೇಶಿಕ ರೈಲುಗಳಲ್ಲಿ ದೇಶವಿಡೀ ಓಡಾಡಲು ಬಿಟ್ಟಿತು. ಅದು ಪ್ರವಾಸದ ಯೋಜನೆ ಅಲ್ಲ, ಆದರೂ ರಜೆಯ ತಿರುಗಾಟಕ್ಕೆ ಜನ ಅದನ್ನು ಚೆನ್ನಾಗಿ ಬಳಸಿಕೊಂಡರು. ಗಾಳಿ ಸ್ವಲ್ಪ ಸುಧಾರಿಸಿತು ಎಂದು ಒಂದು ಅಧ್ಯಯನ ಹೇಳಿತು. ಕಾರುಗಳೇನೂ ಅಷ್ಟಾಗಿ ಕಡಿಮೆಯಾಗಲಿಲ್ಲ ಎಂದವರೂ ಇದ್ದಾರೆ. ಎರಡನ್ನೂ ಹಾಕಿ. ಅಮೆರಿಕದ ಝಯಾನ್ ರಾಷ್ಟ್ರೀಯ ಉದ್ಯಾನದ್ದೂ ಇದೆ. ಅಲ್ಲಿ 2000ದಲ್ಲಿ ಶಟಲ್ ಬಸ್ ಶುರು ಮಾಡಿ, ಸೀಸನ್‌ನಲ್ಲಿ ಕಣಿವೆಯ ರಸ್ತೆಗೆ ಖಾಸಗಿ ಕಾರು ಬಿಡುವುದನ್ನೇ ನಿಲ್ಲಿಸಿದರು.

ಅಂಕಿಗಳ ವಿಷಯದಲ್ಲಿ ಕೆಲಸ ತುಂಬಾ ಇದೆ. ಮೊಬೈಲ್ ಆ್ಯಪ್‌ನಲ್ಲಿ ಕಂಡ ಎರಡು ದಿನದ ಸಂಖ್ಯೆ ಸಾಕ್ಷಿಯಾಗುವುದಿಲ್ಲ. ಎಷ್ಟೋ ಪ್ರವಾಸಿ ಊರುಗಳಲ್ಲಿ ಮಾಪನ ಕೇಂದ್ರವೇ ಇಲ್ಲ, ಆ್ಯಪ್ ದೂರದ ಕೇಂದ್ರದಿಂದ ಅಂದಾಜು ಮಾಡಿರುತ್ತದೆ. ಜೊತೆಗೆ, ಒಂದು ದಿನದ ಪಿಎಂ 2.5 ಮಟ್ಟವನ್ನು ವಿಶ್ವ ಆರೋಗ್ಯ ಸಂಸ್ಥೆಯ, ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಎಂಬ ಮಿತಿಗೆ ಹೋಲಿಸಿದ್ದೀರಿ. ಅದು ವರ್ಷದ ಸರಾಸರಿಗೆ. 24 ಗಂಟೆಯ ಮಿತಿ 15. ಹವೆಯನ್ನೂ ಮರೆತಿದ್ದೀರಿ. ಚಳಿಗಾಲದಲ್ಲಿ ಕಣಿವೆಯೊಳಗಿನ ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ, ಹೊಗೆ ಮೇಲೇರುವುದಿಲ್ಲ. ಆಗ ಕಾರುಗಳ ಸಂಖ್ಯೆ ಅಷ್ಟೇ ಇದ್ದರೂ ಗಾಳಿ ಹೆಚ್ಚು ಕೆಡುತ್ತದೆ. ಅದನ್ನು ಬೇರ್ಪಡಿಸದೆ ಎಲ್ಲವನ್ನೂ ಸಬ್ಸಿಡಿಯ ತಲೆಗೆ ಕಟ್ಟಬೇಡಿ. ಕಳೆಯುವ ಲೆಕ್ಕವೂ ಬೇಕು: ನೆರವು ಇಲ್ಲದಿದ್ದರೂ ಹೋಗುತ್ತಿದ್ದವರೆಷ್ಟು, ವಿದೇಶಕ್ಕೆ ಹಾರುವ ಬದಲು ಇಲ್ಲೇ ಸುತ್ತಿದವರೆಷ್ಟು, ಅವರು ಬಿಟ್ಟುಬಂದ ನಗರದ ಗಾಳಿ ಆ ವಾರ ತಿಳಿಯಾಯಿತೇ?

ಲೇಖನದಲ್ಲಿ ಒಂದು ಜಾಗ ಮಾತ್ರ ಮುಟ್ಟಬೇಡಿ. ವ್ಯೂ ಪಾಯಿಂಟ್‌ಗೆ ಹೋಗುವ ಏರಿನಲ್ಲಿ ಕಾರುಗಳ ಸಾಲು, ಎಸಿಗಾಗಿ ಆರದೇ ಇರುವ ಇಂಜಿನ್, ಹಿಂದೆ ಹೋಟೆಲಿನ ಡೀಸೆಲ್ ಜನರೇಟರ್, ನಡುವೆ ಪಾರ್ಕಿಂಗ್ ಚೀಟಿ ಹರಿಯುತ್ತಾ ನಿಂತ ಹುಡುಗ. ಅವನನ್ನು ಎರಡೇ ಸಾಲಿಗೆ ಬಿಟ್ಟಿದ್ದೀರಿ. ಬಂದವರು ಸುತ್ತಾಡಿ ಹೊರಟು ಹೋಗುತ್ತಾರೆ. ಅವನು ಸೀಸನ್ ಪೂರ್ತಿ ಅಲ್ಲೇ ಉಸಿರಾಡಬೇಕು. ಅವನನ್ನು ಮಾತಾಡಿಸಿ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಾನಾ, ರಾತ್ರಿ ಕೆಮ್ಮು ಇದೆಯಾ, ರಜೆ ಮುಗಿದ ಮೇಲೆ ಕಮ್ಮಿಯಾಗುತ್ತದಾ ಅಂತ ಕೇಳಿ. ಆ ಗುಡ್ಡಕ್ಕೆ ಬಸ್ ಬಿಡುವ ದುಡ್ಡಿನಲ್ಲಿ ಪಾರ್ಕಿಂಗ್ ಕಟ್ಟಿದ್ದರೆ, ಆ ತೀರ್ಮಾನ ಯಾರದು ಅನ್ನೋದನ್ನೂ ಹುಡುಕಿ.

ಕೊನೆಯ ಪುಟದ ಪ್ರಕೃತಿ ಮಾತೆಯ ಪ್ರಾರ್ಥನೆಯನ್ನು ಸುಮ್ನೆ ತೆಗೆದುಬಿಡಿ. ಒಂದೇ ಆದೇಶ ಆರಿಸಿಕೊಂಡು ಮೊದಲ ಪ್ಯಾರಾದಲ್ಲೇ ಹೇಳಿ, ಕೊನೆತನಕ ಅದರ ಬೆನ್ನು ಹತ್ತಿ. ಮಾಪನ ಕೇಂದ್ರದ ಅಂಕಿಗಳನ್ನು ಜೊತೆಗೆ ಕಳಿಸಿ, ನಿಮ್ಮ ಜೊತೆ ಕೂತು ನಾನೇ ನೋಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ