ಸೋಲಾರ್‌ನಲ್ಲಿ 352 ಯೂನಿಟ್ ತಯಾರಾದರೂ 24ಕ್ಕೆ ಮಾತ್ರ ದುಡ್ಡು ಯಾಕೆ?

ಅಣ್ಣಾ, ನೀವು ಹಾಕಿದ ಬಿಲ್ ಫೋಟೊ ನೋಡಿದೆ. ಗಾಬರಿ ಆಗಬೇಡಿ, ಲೆಕ್ಕ ಸರಿಯಾಗೇ ಇದೆ. ನಿಮ್ಮ ಮನೆ ಮೇಲಿರುವುದು 3 ಕಿಲೋವ್ಯಾಟ್ ಸೋಲಾರ್. ಅದರ ಆ್ಯಪ್ ಪ್ರಕಾರ ತಿಂಗಳಿಗೆ 352 ಯೂನಿಟ್ ತಯಾರಾಗಿದೆ. ಬಿಲ್‌ನಲ್ಲಿ ಇಂಪೋರ್ಟ್ (ಕಂಬದಿಂದ ಮನೆಗೆ ಬಂದದ್ದು) 190, ಎಕ್ಸ್‌ಪೋರ್ಟ್ (ಮನೆಯಿಂದ ಕಂಬಕ್ಕೆ ಹೋದದ್ದು) 214. "352ರಲ್ಲಿ 190 ಕಳೆದರೆ 162 ಯೂನಿಟ್‌ಗೆ ದುಡ್ಡು ಬರಬೇಕಿತ್ತು, 24ಕ್ಕೆ ಮಾತ್ರ ಬಂದಿದೆ" ಅಂತ ಕೇಳಿದ್ದೀರಿ.

ಪ್ಯಾನೆಲ್‌ನಿಂದ ಬರುವ ಕರೆಂಟ್ ಮೊದಲು ಹೋಗುವುದು ಮನೆಯೊಳಗೆ. ಹಗಲಲ್ಲಿ ಓಡುವ ಫ್ರಿಜ್, ಮಿಕ್ಸಿ, ಸಂಪ್ ಮೋಟಾರ್ ಎಲ್ಲ ಅದನ್ನೇ ಬಳಸುತ್ತವೆ. ಮಿಕ್ಕಿದ್ದು ಮಾತ್ರ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ, ಅದೇ 214. ಉಳಿದ 138 ಯೂನಿಟ್ ಮನೆಯಲ್ಲೇ ಖರ್ಚಾಗಿದೆ. ಅದು ಮೀಟರ್ ಕಣ್ಣಿಗೆ ಬೀಳುವುದೇ ಇಲ್ಲ. ಅಂದರೆ ನಿಮ್ಮ ಮನೆ ಬಳಸಿದ್ದು 190 ಅಲ್ಲ, 138 ಸೇರಿಸಿ 328. ಈಗ 352ರಲ್ಲಿ 328 ಕಳೆಯಿರಿ. 24 ಬಂತು ಅಲ್ವಾ?

ರಾತ್ರಿ ಪಕ್ಕದ ಮನೆಯಿಂದ ಒಂದು ಸೇರು ಅಕ್ಕಿ ಕೈಗಡ ತಂದು, ಮರುದಿನ ಒಂದು ಸೇರು ವಾಪಸ್ ಕೊಡುತ್ತೇವಲ್ಲ, ನೆಟ್ ಮೀಟರಿಂಗ್ ಹಾಗೇ. ಯೂನಿಟ್‌ಗೆ ಯೂನಿಟ್ ವಜಾ. ನಿಮ್ಮ 190 ಯೂನಿಟ್ ಹೀಗೆ ತೀರಿತು, ಅದಕ್ಕೆ ಮನೆ ದರದ ಪೂರ್ತಿ ಬೆಲೆ ಸಿಕ್ಕ ಹಾಗಾಯಿತು. ಮೇಲೆ ಉಳಿದ 24ಕ್ಕೆ ಮಾತ್ರ, ಕರೆಂಟ್ ಕಂಪನಿ ಜೊತೆಗಿನ ಒಪ್ಪಂದದಲ್ಲಿ ಬರೆದಿರುವ ಕೆಇಆರ್‌ಸಿ (ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡುವ ಆಯೋಗ) ದರ. ಈಗಿನ ಹೊಸ ಒಪ್ಪಂದಗಳಲ್ಲಿ ಅದು ಮನೆ ದರಕ್ಕಿಂತ ಕಡಿಮೆ. 2013ರಲ್ಲಿ ಸಬ್ಸಿಡಿ ಇಲ್ಲದವರಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ಇತ್ತು. ಒಪ್ಪಂದ 25 ವರ್ಷದ್ದು, ಆಗ ಸಹಿ ಹಾಕಿದವರಿಗೆ ಈಗಲೂ ಅದೇ ದರ, ಹಾಗಾಗಿ ಅವರ ಮಾತು ಕೇಳಿ ನಿಮ್ಮ ಲೆಕ್ಕ ಹಾಕಬೇಡಿ.

ಉಳಿದ ಯೂನಿಟ್ ಮುಂದಿನ ತಿಂಗಳಿಗೆ ಸಿಗುತ್ತದೆ ಅಂತ ಪುಣೆಯಲ್ಲಿರುವ ನಿಮ್ಮ ಭಾವ ಹೇಳಿದ್ದೂ ಸುಳ್ಳಲ್ಲ. ಮಹಾರಾಷ್ಟ್ರದಲ್ಲಿ ಉಳಿದ ಯೂನಿಟ್ ಮುಂದಿನ ತಿಂಗಳಿಗೆ ಜಮಾ ಆಗುತ್ತಾ ಹೋಗಿ ಮಾರ್ಚ್ ಕೊನೆಗೆ ತೀರುವಳಿ ಆಗುತ್ತದೆ. ನಮ್ಮ ಕರ್ನಾಟಕದಲ್ಲಿ ಆಯಾ ತಿಂಗಳಿನ ಲೆಕ್ಕ ಆಯಾ ತಿಂಗಳಿಗೇ ಮುಗಿಯುತ್ತದೆ. ಬೇಸಿಗೆಯಲ್ಲಿ ಉಳಿದದ್ದು ಮಳೆಗಾಲಕ್ಕೆ ಬರುವುದಿಲ್ಲ.

ಮೀಟರ್ ಮೇಲೆ ಇನ್ನೂ ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿ. ಒಳ್ಳೆ ಬಿಸಿಲಿನ ದಿನ 11 ಗಂಟೆಗೆ ಮನೆಯ ಸ್ವಿಚ್ ಎಲ್ಲ ಆರಿಸಿ, ಫ್ರಿಜ್ ಕೂಡ. ಸೋಲಾರ್ ಇನ್ವರ್ಟರ್ ಮಾತ್ರ ಆನ್ ಇರಲಿ. ಆ್ಯಪ್ ಮತ್ತು ಮೀಟರ್ ಎರಡರ ರೀಡಿಂಗ್ ಫೋಟೊ ತೆಗೆದುಕೊಳ್ಳಿ. 12 ಗಂಟೆಗೆ ಮತ್ತೆ ತೆಗೆಯಿರಿ. ಆ್ಯಪ್‌ನಲ್ಲಿ 2 ಯೂನಿಟ್ ಏರಿದ್ದರೆ ಎಕ್ಸ್‌ಪೋರ್ಟ್ ಕೂಡ ಹೆಚ್ಚುಕಮ್ಮಿ ಅಷ್ಟೇ ಏರಿರಬೇಕು. ಇಂಪೋರ್ಟ್ ಏರಬಾರದು. ನಮ್ಮ ಮನೆಯಲ್ಲಿ ಒಂದು ತಿಂಗಳು ಎಕ್ಸ್‌ಪೋರ್ಟ್ ಓದದೆ ಬರೀ ಇಂಪೋರ್ಟ್‌ಗೆ ಬಿಲ್ ಕೊಟ್ಟುಬಿಟ್ಟಿದ್ದರು. ಫೋಟೊ ತೋರಿಸಿದ್ದಕ್ಕೆ ಸರಿ ಮಾಡಿಕೊಟ್ಟರು. ಅಂದಿನಿಂದ ಪ್ರತಿ ತಿಂಗಳು ಒಂದನೇ ತಾರೀಖು ಫೋಟೊ ತೆಗೆದಿಡುತ್ತೇನೆ. ನೀವೂ ಇಡಿ.

ಬಿಲ್ ಪೂರ್ತಿ ಸೊನ್ನೆ ಆಗಲಿಲ್ಲ ಅಂತ ಬೇಜಾರು ಬೇಡ, ನಿಗದಿ ಶುಲ್ಕ ಎಲ್ಲರಿಗೂ ಇದ್ದೇ ಇರುತ್ತದೆ.

ಇನ್ನೂ 2 ಕಿಲೋವ್ಯಾಟ್ ಸೇರಿಸಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಈಗ ಬೇಡ. ಪಿಎಂ ಸೂರ್ಯ ಘರ್ (ಮನೆ ಸೋಲಾರ್‌ಗೆ ಕೇಂದ್ರದ ಯೋಜನೆ) ಸಬ್ಸಿಡಿ 3 ಕಿಲೋವ್ಯಾಟ್‌ಗೇ 78,000 ರೂಪಾಯಿಗೆ ನಿಂತುಬಿಡುತ್ತದೆ, ಹೆಚ್ಚಿನದಕ್ಕೆ ಪೂರ್ತಿ ನಿಮ್ಮ ಕೈದುಡ್ಡು. ನಿಮ್ಮ ಬಳಕೆಗೆ ಬೇಕಾದಷ್ಟು ಈಗಲೇ ತಯಾರಾಗುತ್ತಿದೆ, ಹೊಸದಾಗಿ ಬರುವುದೆಲ್ಲ ಆ ಕಡಿಮೆ ದರಕ್ಕೇ ಹೋಗುತ್ತದೆ. ಮುಂದೆ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡರೆ ಆಗ ಮತ್ತೆ ಲೆಕ್ಕ ಹಾಕೋಣ, ಆರು ತಿಂಗಳ ಬಿಲ್ ಇಟ್ಟುಕೊಂಡಿರಿ.